ವರ್ಕ್‌ಶಾಪ್ ಟಾಯ್ಲೆಟ್‌ಗೆ ಗೋಡೆ ಕಮೋಡ್ ಕೂರಿಸುವುದು: ಫ್ರೇಮ್‌ನಿಂದ ಫ್ಲಶ್‌ವರೆಗೆ

ಒಂದು ಸೋಮವಾರ ಬೆಳಿಗ್ಗೆ ಶೆಡ್ ಬಾಗಿಲು ತೆಗೆದು ಒಳಗೆ ಕಾಲಿಟ್ಟಿದ್ದೇ ತಡ, ನಮ್ಮ ಲೇತ್ ಹುಡುಗ ಬಂದು ಹೇಳಿದ: "ಅಣ್ಣಾ, ಕಮೋಡು ತಲೆ ಬಗ್ಗಿಸ್ಕೊಂಡು ಕೂತಿದೆ."

ಹೋಗಿ ನೋಡಿದೆ. ನೆಲ ಮುಟ್ಟದೆ ಗೋಡೆಗೆ ನೇತುಹಾಕಿದ ಕಮೋಡು ಅದು. ಗೋಡೆಗೂ ಕಮೋಡಿಗೂ ಮಧ್ಯೆ ಮೇಲ್ಗಡೆ ಕಿರುಬೆರಳು ತೂರುವಷ್ಟು ಸಂದು. ಮೂರು ತಿಂಗಳ ಹಿಂದೆ ಮೇಸ್ತ್ರಿ ಆರಿಂಚಿನ ಹಾಲೋ ಬ್ಲಾಕ್ ಗೋಡೆಗೆ ಎರಡು ಆಂಕರ್ ಬೋಲ್ಟ್ ಹೊಡೆದು, "ಆನೆ ಕೂತ್ರೂ ಅಲ್ಲಾಡಲ್ಲ ಸಾರ್" ಅಂದಿದ್ದರು. ಬ್ಲಾಕಿನ ಒಳಗಿನ ಪೊಳ್ಳಿನಲ್ಲಿ ಬೋಲ್ಟ್‌ಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂದಿಂಚು ದಪ್ಪದ ಬ್ಲಾಕಿನ ಚಿಪ್ಪು ಎಷ್ಟು ದಿನ ತಡೆದೀತು? ಬಿಚ್ಚಿದಾಗ ಬೋಲ್ಟ್ ಜೊತೆ ಬ್ಲಾಕಿನ ಚೂರೂ ಕೈಗೆ ಬಂತು.

ಪೀಣ್ಯದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ದಿನಾ ಕಬ್ಬಿಣ ಕತ್ತರಿಸಿ ಬೆಸೆಯುವ ನಾವೇ ಎರಡು ಬೋಲ್ಟ್ ನಂಬಿ ಕೂತಿದ್ದೆವು. ಎರಡನೇ ಸಲ ನಾವೇ ಫ್ರೇಮ್ ಮಾಡಿ ಕೂರಿಸಿದೆವು. ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ವೆಲ್ಡಿಂಗ್ ಮಷೀನ್ ಇರುವವರಿಗೆ ಇದು ಎರಡು ದಿನದ ಕೆಲಸ. ಗಾರೆ ಒಣಗುವ ದಿನಗಳು ಬೇರೆ.

ವರ್ಕ್‌ಶಾಪಿಗೆ ಗೋಡೆ ಕಮೋಡ್ ಯಾಕೆ?

ನೆಲ ತೊಳೆಯಲು. ಅಷ್ಟೇ. ವರ್ಕ್‌ಶಾಪಿನ ಟಾಯ್ಲೆಟ್ ನೆಲಕ್ಕೆ ಶೂ ಜೊತೆ ಏನೇನೋ ಬರುತ್ತದೆ: ಲೇತ್ ಚೂರು, ಗ್ರೈಂಡಿಂಗ್ ಪುಡಿ, ಕೂಲಂಟ್ ಎಣ್ಣೆ. ನೆಲದ ಕಮೋಡಿನ ಬುಡದ ಸುತ್ತ ಇದೆಲ್ಲ ಸೇರಿ ಕಪ್ಪು ಪಟ್ಟಿ ಕಟ್ಟುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಕಮೋಡು ನೆಲ ಬಿಟ್ಟು ಮೇಲಿದ್ದರೆ ಪೈಪ್ ಹಿಡಿದು ಒಂದೇ ಸಲ ನೀರು ಹೊಡೆದು ತೊಳೆಯಬಹುದು. ಕಮೋಡಿನ ಕೊಳವೆ ಹಿಂದಕ್ಕೆ ಹೋಗುವುದರಿಂದ ನೆಲ ಒಡೆಯುವ ಕೆಲಸವೂ ಕಮ್ಮಿ.

ಇನ್ನೊಂದು ಮಾತು. ನಮ್ಮಲ್ಲಿ ಅರ್ಧ ಜನಕ್ಕೆ ಇಂಡಿಯನ್ ಪ್ಯಾನೇ ಇಷ್ಟ. ಅದನ್ನು ಕಿತ್ತುಹಾಕಿ ಬರೀ ಕಮೋಡ್ ಇಟ್ಟರೆ ಜನ ಅದರ ಅಂಚಿನ ಮೇಲೆ ಶೂ ಸಮೇತ ಹತ್ತಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಬೋರ್ಡ್ ಬರೆದರೂ ಕೂರುತ್ತಾರೆ. ಎರಡು ಟಾಯ್ಲೆಟ್ ಇದ್ದರೆ ಒಂದು ಇಂಡಿಯನ್ ಆಗಿಯೇ ಇರಲಿ.

ಬೋಲ್ಟ್ ಮೇಲೆ ಎಷ್ಟು ಎಳೆತ?

120 ಕೆ.ಜಿ. ತೂಕದವರು ಕೂತರು ಅನ್ನಿ. ಅವರ ತೂಕ ಬೀಳುವುದು ಗೋಡೆಯಿಂದ ಸುಮಾರು 350 ಮಿ.ಮೀ. ಮುಂದೆ. ಕಮೋಡಿನ ಹಿಂಬದಿಯ ಕೆಳ ಅಂಚು ಗೋಡೆಗೆ ಒತ್ತುತ್ತದೆ, ಅದಕ್ಕಿಂತ ಸುಮಾರು 240 ಮಿ.ಮೀ. ಮೇಲೆ ಬೋಲ್ಟ್‌ಗಳು ಎಳೆಯುತ್ತವೆ. 120 ಗುಣಿಸು 350, ಭಾಗಿಸು 240. ಉತ್ತರ 175. ಅಂದರೆ ಗೋಡೆಯಿಂದ ಕಿತ್ತುಬರುವ ದಿಕ್ಕಿನಲ್ಲಿ 175 ಕೆ.ಜಿ. ಎಳೆತ. ಅದೇ ಮನುಷ್ಯ 500 ಮಿ.ಮೀ. ದೂರದ ಮುಂದಿನ ಅಂಚಿನ ಮೇಲೆ ಹತ್ತಿ ನಿಂತರೆ 250 ಕೆ.ಜಿ. ಅದೂ ದಿನಕ್ಕೆ ಹತ್ತಾರು ಸಲ, ಜಗ್ಗಿ ಜಗ್ಗಿ.

ಯುರೋಪಿನ ಮಾನದಂಡದಲ್ಲಿ ಗೋಡೆ ಕಮೋಡಿಗೆ 400 ಕೆ.ಜಿ. ಹೊರೆ ಹಾಕಿ ಪರೀಕ್ಷೆ ಮಾಡುತ್ತಾರೆ. ಪಿಂಗಾಣಿ ಅಷ್ಟನ್ನು ತಡೆಯುತ್ತದೆ. ಹಾಲೋ ಬ್ಲಾಕ್ ತಡೆಯಲ್ಲ, ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಗೋಡೆಯೂ ತಡೆಯಲ್ಲ. ಒಂಬತ್ತಿಂಚಿನ ಗಟ್ಟಿ ಇಟ್ಟಿಗೆ ಗೋಡೆಯಾದರೆ ಬೋಲ್ಟನ್ನು ಆರಪಾರ ತೂರಿಸಿ ಹಿಂದೆ ಪ್ಲೇಟ್ ಕೊಟ್ಟು ಬಿಗಿಯಬಹುದು. ಉಳಿದ ಎಲ್ಲ ಗೋಡೆಗೂ ಫ್ರೇಮ್ ಬೇಕೇ ಬೇಕು.

ಸಾಮಾನು ತರೋ ಮುಂಚೆ ಟ್ಯಾಂಕ್ ನೋಡಿ

ಮಾಲು, ಥಿಯೇಟರುಗಳಲ್ಲಿ ತೊಟ್ಟಿ ಕಾಣಲ್ಲ, ಒಂದು ಗುಂಡಿ ಒತ್ತಿದರೆ ನೀರು ರಭಸವಾಗಿ ನುಗ್ಗುತ್ತದೆ, ಅಲ್ವಾ? ಅದು ಫ್ಲಶ್ ವಾಲ್ವ್. ಅದಕ್ಕೆ ತೊಟ್ಟಿ ತುಂಬುವವರೆಗೆ ಕಾಯುವ ಗೋಜಿಲ್ಲ, ಒಬ್ಬರ ಹಿಂದೆ ಒಬ್ಬರು ಹೋಗುವ ಜಾಗಕ್ಕೆ ಸರಿ. ಆದರೆ ಅದು ನೀರಿನ ಒತ್ತಡ ಕೇಳುತ್ತದೆ.

ಲೆಕ್ಕ ಸುಲಭ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 1 ಬಾರ್ ಒತ್ತಡ. ನಮ್ಮ ಟ್ಯಾಂಕಿನ ತಳ ನೆಲದಿಂದ 7 ಮೀಟರ್ ಮೇಲಿದೆ. ವಾಲ್ವ್ 1 ಮೀಟರ್ ಎತ್ತರದಲ್ಲಿ. ಉಳಿದದ್ದು 6 ಮೀಟರ್, ಅಂದರೆ 0.6 ಬಾರ್. ಇಂಥ ಕಮ್ಮಿ ಒತ್ತಡಕ್ಕೆ 40 ಮಿ.ಮೀ. ವಾಲ್ವ್ ತರಬೇಕು. ಎರಡು ಮೂರು ಮಹಡಿ ಮೇಲೆ ಟ್ಯಾಂಕ್ ಇರುವವರಿಗೆ 32 ಮಿ.ಮೀ. ಸಾಕು. ಕೊಳ್ಳುವಾಗ ಡಬ್ಬದ ಮೇಲೆ ಕನಿಷ್ಠ ಒತ್ತಡ ಎಷ್ಟು ಅಂತ ಬರೆದಿರುತ್ತದೆ, ಓದಿ.

ನಿಮ್ಮ ಟ್ಯಾಂಕ್ ಶೆಡ್ಡಿನ ಪಕ್ಕ ಹತ್ತಡಿ ಸ್ಟ್ಯಾಂಡ್ ಮೇಲಿದೆಯಾ? ಹಾಗಿದ್ದರೆ ಫ್ಲಶ್ ವಾಲ್ವ್ ಆಸೆ ಬಿಡಿ. ಗೋಡೆ ಕಮೋಡನ್ನೇ ಹಾಕಿ, ಮೇಲೆ ಕಾಣುವ ಹಾಗೆ ಪಿವಿಸಿ ಫ್ಲಶ್ ಟ್ಯಾಂಕ್ ಕೂರಿಸಿ. ನೋಡಲು ಅಷ್ಟು ಚೆನ್ನಾಗಿರಲ್ಲ, ಕೆಲಸ ಮಾತ್ರ ಮಾಡುತ್ತದೆ. ಗೋಡೆ ಒಳಗೆ ಮುಚ್ಚಿಡುವ ತೊಟ್ಟಿ ವರ್ಕ್‌ಶಾಪಿಗೆ ನನಗಂತೂ ಬೇಡ. ಕೈಗೆ ಗ್ರೀಸ್ ಮೆತ್ತಿಕೊಂಡ ಹುಡುಗರು ಆ ಪ್ಲಾಸ್ಟಿಕ್ ಗುಂಡಿಯನ್ನು ಗುದ್ದುತ್ತಾರೆ, ಆಮೇಲೆ ಒಳಗಿನ ಚಿಕ್ಕ ಕಡ್ಡಿ ಮುರಿದರೆ ಅಂಗೈ ಅಗಲದ ಕಿಂಡಿಯಲ್ಲಿ ಕೈ ತೂರಿಸಿ ಹುಡುಕಬೇಕು.

ಟ್ಯಾಂಕಿನಿಂದ ಈ ವಾಲ್ವಿಗೆ ಬೇರೆಯೇ ಲೈನ್ ಎಳೆಯಿರಿ. ವಾಲ್ವ್ 40 ಆದರೆ ಪೈಪೂ 40, ಮಧ್ಯೆ ಎಲ್ಲೂ ಸಣ್ಣದಾಗಬಾರದು. ಕೈ ತೊಳೆಯುವ ನಲ್ಲಿಯ ಲೈನಿಗೇ ಸಿಕ್ಕಿಸಿದರೆ ಫ್ಲಶ್ ಒತ್ತಿದಾಗ ಅತ್ತ ನಲ್ಲಿ ನಿಲ್ಲುತ್ತದೆ, ಇತ್ತ ಫ್ಲಶ್ಶೂ ಸೊರಗುತ್ತದೆ. ಲೈನ್ ಎಳೆದ ಮೇಲೆ ವಾಲ್ವ್ ಕೂರಿಸುವ ಮುಂಚೆ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ನೋಡಿ. ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ತುಂಬಿದರೆ ಮುಂದುವರಿಯಬಹುದು. ಅರ್ಧ ನಿಮಿಷ ಬೇಕಾದರೆ ಲೈನಿನಲ್ಲೇ ಏನೋ ತಪ್ಪಿದೆ.

ಗುರುತು ಹಾಕುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲ ಅಳತೆಯೂ ಟೈಲ್ಸ್ ಹಾಕಿ ಮುಗಿದ ನೆಲದಿಂದ. ಇವತ್ತು ಕಾಣುವ ಕಾಂಕ್ರೀಟ್ ನೆಲದಿಂದ ಅಳೆದರೆ, ನಾಳೆ ಗಾರೆ, ಟೈಲ್ಸ್ ಸೇರಿ ಎರಡಿಂಚು ಏರಿದಾಗ ಕಮೋಡು ಎರಡಿಂಚು ಕೆಳಗಾಗಿರುತ್ತದೆ. ಬಾಗಿಲ ಹೊಸ್ತಿಲಿನಿಂದ ನೀರು ತುಂಬಿದ ಟ್ಯೂಬ್ ಲೆವೆಲ್ ಹಿಡಿದು ಮುಗಿದ ನೆಲದ ಮಟ್ಟವನ್ನು ಗೋಡೆ ಮೇಲೆ ಗೆರೆ ಎಳೆದಿಟ್ಟುಕೊಳ್ಳಿ.

ಆ ಗೆರೆಯಿಂದ ಮೇಲಕ್ಕೆ, ಸಾಮಾನ್ಯ ಅಳತೆಗಳು ಹೀಗಿವೆ:

- ಹೊಲಸು ಹೋಗುವ ಕೊಳವೆಯ ಮಧ್ಯಬಿಂದು: 220 ಮಿ.ಮೀ.
- ಎರಡು ಬೋಲ್ಟ್: 320 ಮಿ.ಮೀ. ಎತ್ತರ, ಒಂದಕ್ಕೊಂದು 180 ಮಿ.ಮೀ. ಅಂತರ
- ಫ್ಲಶ್ ನೀರು ಬರುವ ಕೊಳವೆಯ ಮಧ್ಯಬಿಂದು: 355 ಮಿ.ಮೀ., ಅಂದರೆ ಕೆಳಗಿನ ಕೊಳವೆಯಿಂದ 135 ಮೇಲೆ

ಕೆಲವು ಕಮೋಡಿಗೆ ಬೋಲ್ಟ್ ಅಂತರ 230 ಇರುತ್ತದೆ. ಅದಕ್ಕೇ ಕಮೋಡ್ ತಂದು ಎದುರಿಗಿಟ್ಟುಕೊಳ್ಳದೆ ಫ್ರೇಮ್ ಮಾಡಬೇಡಿ. ನಾನು ಮಾಡಿದ್ದು ಇಷ್ಟು. ಕಮೋಡನ್ನು ಹಳೇ ಗೋಣಿಚೀಲದ ಮೇಲೆ ಅಂಗಾತ ಮಲಗಿಸಿದೆ. ಅದು ಬಂದ ರಟ್ಟಿನ ಡಬ್ಬವನ್ನೇ ಸೀಳಿ ಹಿಂಬದಿಗೆ ಒತ್ತಿ ಹಿಡಿದು, ನಾಲ್ಕೂ ತೂತುಗಳ ಸುತ್ತ ಪೆನ್ಸಿಲ್ ಆಡಿಸಿದೆ. ಆಮೇಲೆ ಬೋಲ್ಟ್ ತೂತಿಗೆ ರಟ್ಟಿನ ಮೇಲೆ ಸೆಂಟರ್ ಪಂಚ್ ಚುಚ್ಚಿ, ಅದನ್ನೇ ಅಚ್ಚಾಗಿ ಕಬ್ಬಿಣದ ಪಟ್ಟಿ ಮೇಲೆ ಇಟ್ಟೆ. ಪಿಂಗಾಣಿ ಬೆಂಕಿಯಲ್ಲಿ ಬೆಂದು ಬರುವ ಮಾಲು, ಹೇಳಿದ ಅಳತೆಗಿಂತ ಎರಡು ಮಿ.ಮೀ. ಆಚೀಚೆ ಆಗುತ್ತದೆ. ರಟ್ಟು ಸುಳ್ಳು ಹೇಳಲ್ಲ.

ಕಮೋಡಿನ ಮಧ್ಯದಿಂದ ಪಕ್ಕದ ಗೋಡೆಗೆ ಕನಿಷ್ಠ 380 ಮಿ.ಮೀ. ಬಿಡಿ, ಇಲ್ಲದಿದ್ದರೆ ಮೊಣಕೈ ತಾಗುತ್ತದೆ. ಮುಂದೆ ಎರಡಡಿ ಖಾಲಿ ಇರಲಿ. ಫ್ರೇಮ್, ಪೈಪ್ ಮುಚ್ಚುವ ಗೋಡೆ ಸುಮಾರು 200 ಮಿ.ಮೀ. ಜಾಗ ತಿನ್ನುತ್ತದೆ, ಕಮೋಡ್ 540. ಬಾಗಿಲು ಒಳಗೆ ತೆಗೆಯುವ ಹಾಗಿದ್ದರೆ ಈಗಲೇ ತಿರುಗಿಸಿ ಹಾಕಿಸಿ.

ಫ್ರೇಮ್

ನಾವು ಬಳಸಿದ್ದು 75×40 ಮಿ.ಮೀ. ಸಿ ಚಾನೆಲ್, ಅಂದರೆ ಇಂಗ್ಲಿಷ್ C ಆಕಾರದ ಕಬ್ಬಿಣ. 1,150 ಮಿ.ಮೀ. ಉದ್ದದ ಎರಡು ಕಂಬ. ಎರಡರ ಮಧ್ಯೆ 110 ಮಿ.ಮೀ. ಪೈಪ್, ಅದರ ಬೆಂಡ್, ರಬ್ಬರ್ ರಿಂಗಿನ ಉಬ್ಬು ಎಲ್ಲ ಆರಾಮಾಗಿ ಕೂರಬೇಕು, ಹಾಗಾಗಿ 300 ಮಿ.ಮೀ. ಬಿಟ್ಟೆವು. ಬೋಲ್ಟ್ ಎತ್ತರದಲ್ಲಿ 100 ಅಗಲ, 10 ದಪ್ಪದ ಪಟ್ಟಿ ಅಡ್ಡಕ್ಕೆ. ಅದರಲ್ಲಿ 180 ಅಂತರಕ್ಕೆ 13 ಮಿ.ಮೀ. ತೂತು ಎರಡು. ಪ್ರತಿ ಕಂಬದ ಬುಡಕ್ಕೆ 150×150×10 ಬೇಸ್ ಪ್ಲೇಟ್, ಅದಕ್ಕೆ ನಾಲ್ಕು ತೂತು.

ಬೋಲ್ಟಿಗೆ ಎಂ12 ಥ್ರೆಡ್ ರಾಡ್, ಅಂದರೆ ಉದ್ದಕ್ಕೂ ತಿರುಪಿನ ಗೆರೆ ಇರುವ 12 ಮಿ.ಮೀ. ಸರಳು. ಅಡ್ಡಪಟ್ಟಿಯ ಹಿಂದೆ ಒಂದು ನಟ್, ಮುಂದೆ ಒಂದು ನಟ್ ಹಾಕಿ ಬಿಗಿದು, ಹಿಂದಿನ ನಟ್ಟಿಗೆ ಮಾತ್ರ ಸಣ್ಣ ಟ್ಯಾಕ್ ವೆಲ್ಡ್ ಕೊಡಿ. ನಾಳೆ ಮುಂದಿನ ನಟ್ ಬಿಗಿಯುವಾಗ ರಾಡ್ ತಿರುಗಬಾರದು. ರಾಡಿಗೇ ಸುತ್ತ ವೆಲ್ಡ್ ಹೊಡೆಯಬೇಡಿ, ಅಲ್ಲೇ ಪೆಡಸಾಗಿ ಮುರಿಯುತ್ತದೆ. ಮುಂದಕ್ಕೆ ಚಾಚಿದ ಉದ್ದ ಸ್ವಲ್ಪ ಜಾಸ್ತಿಯೇ ಇರಲಿ. ಕತ್ತರಿಸುವುದು ಸುಲಭ, ಬೆಳೆಸಲು ಆಗಲ್ಲ.

ಮೇಲೆ ಎಳೆತ, ಕೆಳಗೆ ಒತ್ತು ಅಂತ ಆಗಲೇ ಹೇಳಿದೆನಲ್ಲ, ಆ ಒತ್ತಿಗೂ ಏನಾದರೂ ಬೇಕು. ಕಮೋಡಿನ ಕೆಳ ಅಂಚು ಬರುವ ಜಾಗದಲ್ಲಿ, ನೆಲದಿಂದ 80 ಮಿ.ಮೀ. ಎತ್ತರಕ್ಕೆ, ಇನ್ನೊಂದು ಅಡ್ಡಪಟ್ಟಿ ಬೆಸೆಯಿರಿ. ಇದನ್ನು ಬಿಟ್ಟರೆ ಅಲ್ಲಿನ ಟೈಲ್ ಮೊದಲು ಸೀಳುತ್ತದೆ.

ಬೆಸುಗೆಯ ಮೇಲಿನ ಕಿಟ್ಟ ತೆಗೆದು, ರೆಡ್ ಆಕ್ಸೈಡ್ ಎರಡು ಕೋಟ್, ಅದರ ಮೇಲೆ ಎಪಾಕ್ಸಿ ಪೇಂಟ್ ಎರಡು ಕೋಟ್. ಗೋಡೆ ಒಳಗೆ ಹೋದ ಮೇಲೆ ಇದನ್ನು ಇನ್ನೊಮ್ಮೆ ನೋಡುವುದಿಲ್ಲ. ಟಾಯ್ಲೆಟ್ ತೊಳೆಯುವವರು ಆಸಿಡ್ ಸುರಿಯುತ್ತಾರೆ ಅನ್ನುವುದೂ ನೆನಪಿರಲಿ, ಆಸಿಡ್ಡಿನ ಹೊಗೆ ಟೈಲ್ ಸಂದಿನಲ್ಲೂ ಇಳಿಯುತ್ತದೆ.

ಬೇಸ್ ಪ್ಲೇಟನ್ನು ಕಾಂಕ್ರೀಟಿಗೇ ಆಂಕರ್ ಮಾಡಿ, ಟೈಲ್ ಮೇಲಲ್ಲ. ಕಂಬದ ತಲೆಯಿಂದ ಹಿಂದಿನ ಗೋಡೆಗೆ ಎರಡು ಪಟ್ಟಿ ಕೊಡಿ. ಫ್ರೇಮ್ ಮುಂದಕ್ಕೆ ವಾಲದಂತೆ ಹಿಡಿಯುವುದು ಇವೇ. ಗೋಡೆ ಹಾಲೋ ಬ್ಲಾಕ್ ಆದರೆ ಇಲ್ಲಿ ಬೋಲ್ಟ್ ಆರಪಾರ ಹೋಗಿ ಆಚೆ ಬದಿ ಪ್ಲೇಟ್ ಇರಲಿ. ಎಲ್ಲ ಬಿಗಿದ ಮೇಲೆ ರಸಮಟ್ಟ ಇಟ್ಟು ನೋಡಿ. ಆಮೇಲೆ ಥ್ರೆಡ್ ರಾಡಿಗೆ ಒಂದೂವರೆ ಅಡಿ ಚಾನೆಲ್ ತುಂಡು ಕಟ್ಟಿ ಇಬ್ಬರು ಜೋತುಬೀಳಿ. ಕಿರ್ ಅಂದರೂ ಬಿಚ್ಚಿ ಮತ್ತೆ ಮಾಡಿ.

ಪೈಪು

ಡ್ರೈನಿಗೆ 110 ಮಿ.ಮೀ. ಎಸ್‌ಡಬ್ಲ್ಯುಆರ್ ಪೈಪ್ (ಹೊಲಸು, ಕೊಳೆನೀರು, ಮಳೆನೀರಿಗೆ ಮಾಡಿದ ಪಿವಿಸಿ ಪೈಪ್), ಅದರಲ್ಲೂ ಬಿ ಟೈಪ್. ಎ ಟೈಪ್ ತೆಳ್ಳಗೆ, ಮಳೆನೀರಿಗೆ, ವೆಂಟಿಗೆ (ಗಾಳಿ ಹೋಗುವ ಕೊಳವೆಗೆ). ಅಂಗಡಿಯವರು ಕೇಳದಿದ್ದರೆ ಕಮ್ಮಿ ಬೆಲೆಯದನ್ನೇ ಕೊಡುತ್ತಾರೆ, ಪೈಪ್ ಮೇಲೆ ಅಚ್ಚು ಓದಿ. ಇಳಿಜಾರು ಮೀಟರಿಗೆ 25 ಮಿ.ಮೀ. ಅದಕ್ಕಿಂತ ತೀರಾ ಜಾಸ್ತಿ ಮಾಡಿದರೆ ನೀರು ಓಡಿಹೋಗಿ ಗಟ್ಟಿ ಹಿಂದೆ ಉಳಿಯುತ್ತದೆ. ನಮ್ಮದು ನೇರ ಗೋಡೆ ದಾಟಿ ಹೊರಗಿನ ಚೇಂಬರಿಗೆ ಹೋಗುತ್ತದೆ, ಹೊರಗೆ ವೆಂಟ್ ಪೈಪ್ ಶೆಡ್ಡಿನ ಶೀಟಿಗಿಂತ ಮೇಲೆ.

ನಮ್ಮ ಪ್ಲಂಬರ್ ಅಭ್ಯಾಸಬಲದಿಂದ ಹೊರಗೆ ಇನ್ನೊಂದು ಟ್ರ್ಯಾಪ್ ಹಾಕಲು ಹೊರಟಿದ್ದರು. ಬೇಡ. ವಾಸನೆ ತಡೆಯುವ ನೀರಿನ ಟ್ರ್ಯಾಪ್ ಕಮೋಡಿನ ಹೊಟ್ಟೆಯಲ್ಲೇ ಇದೆ. ಎರಡು ಟ್ರ್ಯಾಪ್ ಆದರೆ ಮಧ್ಯೆ ಗಾಳಿ ಸಿಕ್ಕಿ ಗುಳುಗುಳು ಸದ್ದು, ಆಮೇಲೆ ಬ್ಲಾಕ್.

ಫ್ಲಶ್ ವಾಲ್ವಿನ ಒಡಲು ನೆಲದಿಂದ 1 ಮೀಟರ್ ಎತ್ತರದಲ್ಲಿ ಫ್ರೇಮಿನ ಮಧ್ಯೆ ಕೂರುತ್ತದೆ. ಅದಕ್ಕೆ ಮುಂಚೆ ಒಂದು ಕಂಟ್ರೋಲ್ ವಾಲ್ವ್ ಹೊರಗೆ ಕೈಗೆ ಸಿಗುವ ಹಾಗೆ ಇರಲೇಬೇಕು, ಇಲ್ಲದಿದ್ದರೆ ಒಂದು ವಾಷರ್ ಬದಲಿಸಲು ಇಡೀ ಟ್ಯಾಂಕ್ ಬಂದ್ ಮಾಡಬೇಕು. ವಾಲ್ವ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎರಡು ಗೆರೆ ಇರುತ್ತವೆ. ಟೈಲಿನ ಮುಖ ಆ ಎರಡರ ಮಧ್ಯೆ ಬರಬೇಕು. ವಾಲ್ವ್ ತೀರಾ ಒಳಗೆ ಹೋದರೆ ಗುಂಡಿಯ ಪ್ಲೇಟ್ ಕೂರಲ್ಲ, ಹೊರಗೆ ಬಂದರೆ ಮೂಗಿನ ಹಾಗೆ ಚಾಚುತ್ತದೆ. ಗೋಡೆ ಮುಗಿಯುವವರೆಗೆ ಮುಚ್ಚಳ ತೆಗೆಯಬೇಡಿ, ಗಾರೆ ಒಳಗೆ ಬಿದ್ದರೆ ಪಿಸ್ಟನ್ ಹಾಳು.

ಗೋಡೆ ಮುಚ್ಚುವ ಮುಂಚೆ ಪರೀಕ್ಷೆ. ನೀರಿನ ಲೈನಿಗೆ ಪ್ರೆಶರ್ ಪಂಪ್ ಕಟ್ಟಿ ಒಂದು ರಾತ್ರಿ ಬಿಡಿ. ಡ್ರೈನಿಗೆ ಚೇಂಬರ್ ಕಡೆ ಬಾಯಿ ಮುಚ್ಚಿ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ ಒಂದು ಗಂಟೆ ನೋಡಿ. ನಮ್ಮಲ್ಲಿ ಒಂದು ರಬ್ಬರ್ ರಿಂಗ್ ಮಡಚಿಕೊಂಡಿತ್ತು, ಇಲ್ಲೇ ಸಿಕ್ಕಿತು. ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆದಿಡಿ, ಪಕ್ಕದಲ್ಲಿ ಟೇಪ್ ಹಿಡಿದು. ಮುಂದೆ ಯಾರಾದರೂ ಅಲ್ಲಿ ಡ್ರಿಲ್ ಹಾಕುವಾಗ ಬೇಕಾಗುತ್ತದೆ.

ಆಮೇಲೆ ಬುಡದಿಂದ ಒಂದೂವರೆ ಅಡಿ ಎತ್ತರಕ್ಕೆ ಫ್ರೇಮ್ ಸುತ್ತ ಕಾಂಕ್ರೀಟ್ ತುಂಬಿ, ಅದರ ಮೇಲೆ ಸಿಮೆಂಟ್ ಬೋರ್ಡೋ ತೆಳ್ಳನೆ ಇಟ್ಟಿಗೆಯೋ ನಿಮ್ಮಿಷ್ಟ. ಥ್ರೆಡ್ ರಾಡಿಗೆ ಟೇಪ್ ಸುತ್ತಿ, ಪೈಪುಗಳ ಬಾಯಿಗೆ ಮುಚ್ಚಳ ಹಾಕಿರಿ. ಟೈಲ್ಸ್ ಆಗಿ ಒಂದು ವಾರ ಕಮೋಡಿನ ಕಡೆ ಹೋಗಬೇಡಿ.

ಕಮೋಡ್ ನೇತುಹಾಕುವುದು

ಮೊದಲು ಎರಡು ಕನೆಕ್ಟರ್ ಪೈಪಿನ ಉದ್ದ. ಎರಡನ್ನೂ ಗೋಡೆಯೊಳಗೆ ಪೂರ್ತಿ ತಳ್ಳಿ ಟೈಲಿನ ಮುಖಕ್ಕೆ ಸರಿಯಾಗಿ ಗೆರೆ ಎಳೆಯಿರಿ. ಕಮೋಡಿನ ಹಿಂಬದಿಗೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು, ಅಲ್ಲಿಂದ ಪೈಪ್ ಎಷ್ಟು ಆಳ ಕೂರುತ್ತದೆ ಅಂತ ಅಳೆಯಿರಿ. ಗೆರೆಯಿಂದ ಆಚೆ ಅಷ್ಟು ಬಿಟ್ಟು, ಅದರಲ್ಲಿ 4 ಮಿ.ಮೀ. ಕಮ್ಮಿ ಮಾಡಿ ಕತ್ತರಿಸಿ. ಉದ್ದ ಉಳಿದರೆ ನಟ್ ಬಿಗಿದಾಗ ಪೈಪು ಪಿಂಗಾಣಿಯನ್ನು ಒಳಗಿನಿಂದ ಒದೆಯುತ್ತದೆ. ಕತ್ತರಿಸಿದ ಅಂಚನ್ನು ಅರದಿಂದ ಸವರಿ, ಚೂಪು ಅಂಚು ರಬ್ಬರ್ ರಿಂಗನ್ನು ಸೀಳುತ್ತದೆ.

ರಿಂಗಿಗೆ ಸೋಪು ನೀರು ಹಚ್ಚಿ. ವರ್ಕ್‌ಶಾಪ್ ತುಂಬ ಗ್ರೀಸ್ ಗನ್ ಇರುತ್ತವೆ, ಕೈ ಅತ್ತ ಹೋಗುವುದು ಸಹಜ. ಆ ಗ್ರೀಸಿಗೆ ರಬ್ಬರ್ ಉಬ್ಬಿ ಕೆಟ್ಟುಹೋಗುತ್ತದೆ.

ಕಮೋಡಿನ ಹಿಂದೆ ಫೋಮ್ ಶೀಟ್ ಇಟ್ಟು, ಇಬ್ಬರು ಎತ್ತಿ, ರಾಡಿನ ಮೇಲೆ ಜಾರಿಸಿ ತಳ್ಳಿ. ಪ್ಲಾಸ್ಟಿಕ್ ಬುಷ್, ರಬ್ಬರ್ ವಾಷರ್, ಕಬ್ಬಿಣದ ವಾಷರ್, ನಟ್, ಇದೇ ಕ್ರಮ. ಕೈಯಲ್ಲಿ ಬಿಗಿದು ರಸಮಟ್ಟ ನೋಡಿ. ಆಮೇಲೆ ಸ್ಪ್ಯಾನರಿನಿಂದ ಎಡಗಡೆಯ ನಟ್ಟಿಗೆ ಕಾಲು ಸುತ್ತು, ಬಲಗಡೆಯ ನಟ್ಟಿಗೆ ಕಾಲು ಸುತ್ತು. ಕಮೋಡು ಅಲುಗಾಡುವುದು ನಿಂತ ಮೇಲೆ ಇನ್ನೊಂದು ಕಾಲು ಸುತ್ತು, ಸಾಕು. ಉದ್ದ ಹಿಡಿಯ ಸ್ಪ್ಯಾನರ್ ಬೇಡವೇ ಬೇಡ. ನಮ್ಮ ಹುಡುಗರು ಎಂ12 ನಟ್ ಕಂಡರೆ ಚಾವಣಿಯ ಟ್ರಸ್ ಬಿಗಿದ ಹಾಗೆ ಬಿಗಿಯುತ್ತಾರೆ. ಮೊದಲ ಕಮೋಡಿಗೆ ಹಾಗೆ ಬಿಗಿದಾಗ 'ಟಕ್' ಅಂತ ಒಂದು ಸಣ್ಣ ಸದ್ದು ಬಂತು, ಕೂದಲೆಳೆಯಷ್ಟು ಬಿರುಕು. ವಾರದಲ್ಲಿ ಅದು ಅಂಚಿನವರೆಗೆ ಓಡಿತ್ತು. ಗೋಡೆ ಕೈಕೊಟ್ಟದ್ದು ಅದನ್ನು ಬದಲಿಸಿ ಇನ್ನೊಂದು ಹಾಕಿದ ಮೇಲೆ.

ಈಗ ಸಿಮೆಂಟ್ ಮೂಟೆ. ಒಂದು ಮೂಟೆ 50 ಕೆ.ಜಿ., ಎಂಟು ಇಟ್ಟರೆ 400. ಕಮೋಡಿನ ಅಂಚಿನ ಮೇಲೆ ಗೋಣಿ ಹಾಸಿ, ದಪ್ಪ ಹಲಗೆ ಇಟ್ಟು, ಒಂದೊಂದಾಗಿ ಪೇರಿಸಿ. ಕಮೋಡಿಗೂ ಟೈಲಿಗೂ ಮಧ್ಯೆ ಮೇಲಿನ ಅಂಚಿನಲ್ಲಿ ಮೊದಲೇ ಒಂದು ಕಾಗದದ ಚೂರು ಸಿಕ್ಕಿಸಿಡಿ. ಒಂದು ಗಂಟೆ ಕಳೆದ ಮೇಲೂ ಕಾಗದ ಎಳೆದರೆ ಬರಬಾರದು. ಅಷ್ಟು ಹೊತ್ತು ಯಾರ ಕಾಲೂ ಕೆಳಗೆ ಇರಬಾರದು. ನಮ್ಮಲ್ಲಿ ಎಂಟನೇ ಮೂಟೆ ಇಡುವಾಗ ಇಡೀ ಶೆಡ್ ಕೆಲಸ ನಿಲ್ಲಿಸಿ ಬಾಗಿಲಲ್ಲಿ ನಿಂತಿತ್ತು.

ಸುತ್ತ ಸಿಲಿಕೋನ್ ಹಾಕುವಾಗ ಮೇಲೆ, ಎರಡು ಪಕ್ಕ ಮಾತ್ರ. ಕೆಳಗೆ ತೆರೆದಿರಲಿ. ಒಳಗೆ ಸೋರಿದರೆ ಅಲ್ಲಿಂದ ಹನಿ ಕಾಣುತ್ತದೆ, ಮುಚ್ಚಿದರೆ ಗೋಡೆ ಕುಡಿಯುತ್ತದೆ. ಬಿಳಿ ಸಿಮೆಂಟ್ ಹಾಕಿಸಬೇಡಿ, ಮುಂದೆ ಬಿಚ್ಚುವಾಗ ಟೈಲೂ ಬರುತ್ತದೆ.

ಫ್ಲಶ್ ಹೊಂದಿಸುವುದು, ಗಡಸು ನೀರು

ಪ್ಲೇಟ್ ಹಾಕುವ ಮುಂಚೆ ಕಂಟ್ರೋಲ್ ವಾಲ್ವ್ ತೆರೆದು ಕೆಲವು ಸಲ ಒತ್ತಿ ನೋಡಿ. ಒಳಗಿನ ಸ್ಕ್ರೂ ತಿರುಗಿಸಿದರೆ ನೀರಿನ ರಭಸ ಹೆಚ್ಚುಕಮ್ಮಿ ಆಗುತ್ತದೆ. ಹತ್ತು ತುಂಡು ಟಿಶ್ಯೂ ಹಾಕಿ ಒಂದೇ ಸಲಕ್ಕೆ ಹೋಗುವಷ್ಟು ಇಟ್ಟುಕೊಳ್ಳಿ. ನೀರು ಅಂಚು ದಾಟಿ ಸಿಡಿದರೆ ಕಮ್ಮಿ ಮಾಡಿ.

ಈ ವಾಲ್ವ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ರಿಪೇರಿ ನೀವೇ ಮಾಡಬಹುದು. ಒಳಗೊಂದು ಪಿಸ್ಟನ್. ಅದರಲ್ಲಿ ಸೂಜಿಯಷ್ಟು ಸಣ್ಣ ತೂತು. ಆ ತೂತಿನಿಂದ ನೀರು ಹಿಂಬದಿಗೆ ಹೋಗಿ ಪಿಸ್ಟನ್ನನ್ನು ಒತ್ತಿ ಮುಚ್ಚಿ ಹಿಡಿದಿರುತ್ತದೆ. ಗುಂಡಿ ಒತ್ತಿದಾಗ ಹಿಂಬದಿಯ ನೀರು ಹೊರಗೆ ಹೋಗುತ್ತದೆ, ಪಿಸ್ಟನ್ ಸರಿಯುತ್ತದೆ, ನೀರು ನುಗ್ಗುತ್ತದೆ. ಮತ್ತೆ ಆ ಸಣ್ಣ ತೂತಿನಿಂದ ನಿಧಾನಕ್ಕೆ ಹಿಂಬದಿ ತುಂಬಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಷಿಕಾಗೋದ ವಿಲಿಯಂ ಸ್ಲೋನ್ 1906ರಲ್ಲಿ ಕಂಪನಿ ಕಟ್ಟಿ ಮಾರಲು ಶುರು ಮಾಡಿದ ಫ್ಲಶ್ ವಾಲ್ವಿನಲ್ಲೂ ಇದೇ ಉಪಾಯ.

ನಮ್ಮ ಬೋರ್‌ವೆಲ್ ನೀರು ಗಡಸು. ಆ ತೂತಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಆಗ ಹಿಂಬದಿ ತುಂಬುವುದಿಲ್ಲ, ಫ್ಲಶ್ ನಿಲ್ಲುವುದೇ ಇಲ್ಲ, ಟ್ಯಾಂಕ್ ಖಾಲಿಯಾಗುತ್ತದೆ. ಹೀಗಾದರೆ ಹೊಸ ವಾಲ್ವ್ ತರಲು ಓಡಬೇಡಿ. ಕಂಟ್ರೋಲ್ ವಾಲ್ವ್ ಬಂದ್ ಮಾಡಿ, ಪ್ಲೇಟ್ ತೆಗೆದು, ಪಿಸ್ಟನ್ ಹೊರಗೆಳೆದು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ. ಬೆಳಿಗ್ಗೆ ತೂತನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನ ಎಳೆಯಿಂದ ಬಿಡಿಸಿ. ತಂತಿ ಹಾಕಿ ತೂತು ಅಗಲ ಮಾಡಿದರೆ ವಾಲ್ವ್ ಬೇಗ ಮುಚ್ಚಿಕೊಂಡು ಅರೆಬರೆ ಫ್ಲಶ್ ಆಗುತ್ತದೆ.

ನಾವು ಆರು ತಿಂಗಳಿಗೊಮ್ಮೆ, ಆಯುಧಪೂಜೆಗೆ ಮಷೀನು ತೊಳೆಯುವಾಗ ಒಮ್ಮೆ, ಯುಗಾದಿಗೆ ಒಮ್ಮೆ, ಈ ಪಿಸ್ಟನ್ನನ್ನೂ ತೊಳೆಯುತ್ತೇವೆ. ಅವತ್ತೇ ಕಮೋಡಿನ ಎರಡು ನಟ್ಟಿಗೂ ಸ್ಪ್ಯಾನರ್ ಹಿಡಿದು ಸಡಿಲ ಇದೆಯಾ ಅಂತ ನೋಡುತ್ತೇವೆ. ಕೂರಿಸಿದ ಮೊದಲ ತಿಂಗಳ ಕೊನೆಗೆ ಒಂದು ಸಲ ಮಾತ್ರ ಕಾಲು ಸುತ್ತು ಬಿಗಿಯಬೇಕಾಯಿತು, ಫೋಮ್ ಶೀಟ್ ಅಷ್ಟು ಕುಗ್ಗಿತ್ತು.